ಮೂಲೆ ಮುರಿದ ಕಲ್ಲು

೧

ಎಲ್ಲಿಂದ ಶುರು ಮಾಡಬೇಕು ಎಂದು ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ರೋಮನ್ನರ ಕಾಲದ ಹಾಳೂರಿಗೆ ಹೋಗಿ ಬಂದವರೆಲ್ಲ ಕಂಬಗಳಿಂದಲೇ ಶುರು ಮಾಡುತ್ತಾರೆ: ಬೆಳಗಿನ ಬಿಸಿಲು, ಸಾಲುಗಂಬ, ಕಂಬದ ತುದಿಯಲ್ಲೊಂದು ಕೊಕ್ಕರೆ, ಆಮೇಲೆ ಕಾಲದ ಬಗ್ಗೆ ಒಂದು ನಿಟ್ಟುಸಿರು. ನಾನೂ ಹಾಗೇ ಬರೆದಿದ್ದೆ. ಬರೆದದ್ದನ್ನು ಸಂಜೆ ಫೋನಿನಲ್ಲಿ ಖಾಲ್ತಿಗೆ ಓದಿ ಹೇಳಿದೆ. (ತಾಯಿಯ ಅಕ್ಕತಂಗಿಯರನ್ನು ನಾವು ಖಾಲ್ತಿ ಎನ್ನುತ್ತೇವೆ. ಈಕೆ ನನ್ನ ತಾಯಿಯ ಅಕ್ಕ, ಎಂಬತ್ತು ದಾಟಿದವರು. ಓದು ಬರಹ ಬಾರದು. ಆದ್ದರಿಂದಲೇ ಬಹಳ ಕಟುವಾದ ವಿಮರ್ಶಕಿ.)

"ಕಂಬ ಯಾಕೆ ಹಾಕ್ದೆ?" ಎಂದರು.

"ಅಲ್ಲಿ ಕಂಬ ಇತ್ತಲ್ಲ ಖಾಲ್ತಿ."

"ಅದು ನಮ್ಮನೆ ಗೋಡೆ ಕಣೋ. ಅದಕ್ಕೆ ನಾನು ಕತ್ತೆ ಕಟ್ತಿದ್ದೆ. ನೀನು ಮೊಟ್ಟೆಯಿಂದ ಶುರು ಮಾಡು."

ಮೊಟ್ಟೆಯಿಂದ ಶುರು ಮಾಡುತ್ತೇನೆ.

೨

ಆ ದಿನ ಬೆಳಿಗ್ಗೆ ಖಾಲ್ತಿ ಒಂಬತ್ತು ಮೊಟ್ಟೆ ಬೇಯಿಸಿದರು. ಮಾರ್ಚ್ ತಿಂಗಳ ಶಾಲಾ ರಜೆ. ತಬರ್ಕಾದಲ್ಲಿ ಸಮುದ್ರದ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿದು ನಮ್ಮ ಇಡೀ ಕುಟುಂಬ ಹಾಸಿಗೆ ಹಾಸಿಕೊಂಡು ಬಿದ್ದಿತ್ತು. ಮಕ್ಕಳು ಇನ್ನೂ ಎದ್ದಿರಲಿಲ್ಲ. ಹೊರಟವರು ಮೂವರೇ: ಖಾಲ್ತಿ, ಅವರ ಮಗ ಲಝ್ಹರ್, ನಾನು. ತಲೆಗೆ ಮೂರು ಮೊಟ್ಟೆ, ಒಂದು ದಪ್ಪ ರೊಟ್ಟಿ, ಹರೀಸಾ ಎಂಬ ಖಾರದ ಮೆಣಸಿನಕಾಯಿ ಚಟ್ನಿ, ಆಲಿವ್, ಆರು ಕಿತ್ತಳೆ, ಎರಡು ಬಾಟಲಿ ನೀರು. ಬುಟ್ಟಿಯ ಅಡಿಯಲ್ಲಿ ಹೂವಿನ ಕರವಸ್ತ್ರದ ಒಂದು ಗಂಟು. ಅದರಲ್ಲಿ ಹುರಿಗಡಲೆಯೂ ಬಣ್ಣಬಣ್ಣದ ಸಕ್ಕರೆ ಪೆಪ್ಪರಮಿಂಟೂ ಇದ್ದವು.

ಗಂಟನ್ನು ನಾನು ನೋಡಿದೆ. ಯಾರಿಗೆ ಎಂದು ಕೇಳಲಿಲ್ಲ. ನನಗೆ ಗೊತ್ತು ಎಂದುಕೊಂಡೆ. ಈ ಕಥೆಯಲ್ಲಿ ನಾನು ಮಾಡಿದ ತಪ್ಪೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

೩

ಹೆಸರುಗಳ ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ಯಾವುದೂ ನಿಜವಲ್ಲ. ಖಾಲ್ತಿಗೆ ಮನ್ನೂಬಿಯಾ ಎಂದು ಹೆಸರಿಟ್ಟೆ.

"ಅದು ನಮ್ಮತ್ತೆ ಹೆಸರು," ಎಂದರು ಖಾಲ್ತಿ, ಫೋನಿನಲ್ಲಿ. "ನನ್ನ ಜೀವ ಹಿಂಡಿದವಳದು."

"ಬದಲಾಯಿಸಲಾ?"

"ಇರಲಿ ಬಿಡು. ಅವಳನ್ನೂ ಮಾಫ್ ಮಾಡಿದ್ದೀನಿ."

ಲಝ್ಹರ್ ಎಂಬ ಹೆಸರು ಅವನಿಗೇ ಇಷ್ಟವಾಯಿತು. ಅವನು ಬಾಜಾ ಪಟ್ಟಣದಲ್ಲಿ ತರಕಾರಿ ಸಾಗಿಸುವ ಪಿಕಪ್ ಓಡಿಸುತ್ತಾನೆ. ಐವತ್ತೆಂಟು ವರ್ಷ, ದಪ್ಪ ಮೀಸೆ, ಬಾಯಿ ಸುಮ್ಮನಿರುವುದಿಲ್ಲ. ನಾನು ತುಹಾಮಿ, ಶಾಲೆಯಲ್ಲಿ ಫ್ರೆಂಚ್ ಕಲಿಸಿ ನಿವೃತ್ತನಾದವನು. ಕಾಲೇಜಿನಲ್ಲಿ ಎರಡು ವರ್ಷ ಲ್ಯಾಟಿನ್ ಓದಿದ್ದೆ. ಅದು ಬದುಕಿನಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿರಲಿಲ್ಲ, ಆ ದಿನದವರೆಗೆ.

ಕಥೆಗಾರನಿಗೆ ಹೆಸರಿಡುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ನನ್ನ ಕಾಲಿಗೆ ತೊಡರುತ್ತದೆ.

೪

(ಈ ಭಾಗ ಗಂಭೀರ. ಗಂಭೀರ ಭಾಗಗಳಲ್ಲಿ ನಾನು ಕೈಕಾಲು ಆಡದವನ ಹಾಗೆ ಬರೆಯುತ್ತೇನೆ ಎಂದು ಲಝ್ಹರನ ಅಭಿಪ್ರಾಯ.)

ಖಾಲ್ತಿಯ ಹೃದಯದ ಒಂದು ಕವಾಟ ಸರಿಯಿಲ್ಲ. ಮುಂದಿನ ಗುರುವಾರ ರಾಜಧಾನಿ ತೂನಿಸ್‌ನಲ್ಲಿ ಆಪರೇಷನ್. ಎದೆ ತೆರೆಯಬೇಕು. ಡಾಕ್ಟರು ಲಝ್ಹರನನ್ನು ಪಕ್ಕಕ್ಕೆ ಕರೆದು ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದಿದ್ದಾರೆ. ಖಾಲ್ತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾರೆ.

ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಕೆಲಸವನ್ನೇ ಅವರೂ ಮಾಡಿದರು. ಬದುಕಿನಲ್ಲಿ ಯಾರಿಗೆಲ್ಲ ನೋವು ಮಾಡಿದ್ದೆವೋ ಅವರ ಮನೆಗೆ ಹೋಗುವುದು, ಎದುರು ಕೂತು ಮಾಫಿ ಕೇಳುವುದು. ಅದಕ್ಕೆ ಕ್ರಮವಿದೆ. ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. "ಮಾಫ್ ಮಾಡಿದೆ" ಎಂಬ ಮಾತು ಎದುರಿನವರ ಬಾಯಿಂದಲೇ ಬರಬೇಕು. ಬರುವವರೆಗೆ ಏಳುವಂತಿಲ್ಲ. ನೊಂದವರು ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಕೇಳಬೇಕು. ಪಕ್ಕದ ಮನೆಯ ಹೆಂಗಸಿನೊಂದಿಗೆ ಕುಸ್ಕುಸ್ ಬೇಯಿಸುವ ಪಾತ್ರೆಯೊಂದರ ವಿಷಯಕ್ಕೆ ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದರು. ಅವಳು ಖಾಲ್ತಿಯನ್ನು ಕೂರಿಸಿ, ಎರಡು ಸಲ ಕಾಫಿ ಕುಡಿಸಿ, ಮಧ್ಯಾಹ್ನದ ಅಡುಗೆ ಮುಗಿಸಿ, ಆಮೇಲೆ ಕೈ ಒರೆಸಿಕೊಳ್ಳುತ್ತ ಆ ಮಾತು ಹೇಳಿದಳಂತೆ.

"ಎಲೆಕ್ಷನ್ನಿಗೆ ನಿಂತವರ ಹಾಗೆ ಮನೆಮನೆ ಸುತ್ತಿಸಿದಳು," ಎಂದ ಲಝ್ಹರ್. ಹನ್ನೊಂದು ಮನೆ. ಎಲ್ಲ ಕಡೆಯೂ ಗೆದ್ದಿದ್ದರು.

"ಇನ್ನೊಂದು ಕಡೆ ಹೋಗೋದಿದೆ," ಎಂದಿದ್ದರು ಖಾಲ್ತಿ, ತಬರ್ಕಾಕ್ಕೆ ಬಂದ ಮೂರನೆಯ ದಿನ. "ಹೆನ್ಶೀರ್ ರೇಹಾನಿಗೆ. ಅಲ್ಲೊಂದು ಕಲ್ಲು ಹುಡುಕಬೇಕು. ತುಹಾಮಿ ಬರಲಿ, ಅವನಿಗೆ ಕಲ್ಲಿನ ಮೇಲಿನ ಬರಹ ಓದೋಕೆ ಬರುತ್ತೆ."

ಹೆನ್ಶೀರ್ ರೇಹಾನ್ ಎಂದರೆ ಆ ಹಾಳೂರು. ಖಾಲ್ತಿ ಮದುವೆಯಾಗಿ ಹೋದದ್ದು ಅಲ್ಲಿಗೇ. ಆಗ ರೋಮನ್ನರ ಗೋಡೆಗಳ ನಡುವೆಯೇ ಜನ ಮನೆ ಮಾಡಿಕೊಂಡಿದ್ದರು. ಅವರ ಮೊದಲ ಮಗು ಮಬ್ರೂಕಾ ಹುಟ್ಟಿದ್ದೂ ನಲವತ್ತು ದಿನಕ್ಕೆ ಹೋದದ್ದೂ ಅಲ್ಲೇ. ಗಂಡ ಬೆಲ್ಗಾಸಿಮ್ ಅದರ ಗೋರಿಗೆ ಒಂದು ಹಳೆಯ ಕಲ್ಲು ನಿಲ್ಲಿಸಿದ್ದ. ಮರುವರ್ಷ ಸರ್ಕಾರದವರು ಊರನ್ನು ಕೆಳಗಿನ ಬಯಲಿಗೆ ಸಾಗಿಸಿ, ಮನೆಗಳನ್ನು ಕೆಡವಿ, ಗುಡ್ಡವನ್ನು ಅಗೆದು, ಬರಹವಿದ್ದ ಕಲ್ಲುಗಳನ್ನೆಲ್ಲ ಒಂದು ಕಡೆ ಸೇರಿಸಿದರು. ಆಮೇಲೆ ಅರವತ್ತು ವರ್ಷ ಖಾಲ್ತಿ ಅತ್ತ ತಲೆ ಹಾಕಿರಲಿಲ್ಲ. ಬಾಜಾದಿಂದ ಒಂದು ಗಂಟೆಯ ದಾರಿ, ಅಷ್ಟೇ.

ಸಾಯುವ ಮೊದಲು ಮಗಳ ಗೋರಿಯ ಕಲ್ಲನ್ನು ಒಮ್ಮೆ ಮುಟ್ಟಬೇಕೆಂದಿದ್ದಾರೆ ಎಂದು ನಾನೂ ಲಝ್ಹರನೂ ಅರ್ಥ ಮಾಡಿಕೊಂಡೆವು. ನೀವೂ ಹಾಗೇ ಅರ್ಥ ಮಾಡಿಕೊಂಡಿದ್ದೀರಿ. ಅಷ್ಟರ ಮಟ್ಟಿಗೆ ನಾವು ಒಂದೇ ಗಾಡಿಯಲ್ಲಿದ್ದೇವೆ.

೫

ಗಾಡಿಯ ವಿಷಯ. ಪಿಕಪ್ಪಿನ ಮುಂದುಗಡೆ ಮೂವರು. ಖಾಲ್ತಿಗೆ ಕಿಟಕಿ. ಗೇರಿನ ಕಡ್ಡಿ ನನ್ನ ಎರಡು ಮೊಣಕಾಲುಗಳ ಮಧ್ಯೆ. ಲಝ್ಹರ್ ಗೇರು ಬದಲಾಯಿಸಿದಾಗಲೆಲ್ಲ ನಾನು ಕಾಲು ಅಗಲಿಸಬೇಕಿತ್ತು.

"ನಿನ್ನ ಕಥೇನಲ್ಲಿ ನೀನು ಎಲ್ಲಿ ಕೂತಿರ್ತೀಯ?" ಎಂದು ಕೇಳಿದ.

"ಯಾಕೆ?"

"ಎಲ್ಲರ ತಲೆ ಮೇಲೆ ಕೂತಿರ್ತೀಯಲ್ಲ, ಅದಕ್ಕೆ. ಇವತ್ತು ಗೇರ್‌ಬಾಕ್ಸ್ ಮೇಲೆ ಕೂತ್ಕೋ."

ಖಾಲ್ತಿ ನಗಲಿಲ್ಲ. ಹಸಿರು ಗೋಧಿ ಹೊಲ, ನಡುನಡುವೆ ಕೆಂಪು ಗಸಗಸೆ ಹೂ, ಕರೆಂಟು ಕಂಬದ ಮೇಲೆ ಕೊಕ್ಕರೆ ಗೂಡು. (ನೋಡಿ, ಕೊನೆಗೂ ಕೊಕ್ಕರೆಯನ್ನು ತಂದೇಬಿಟ್ಟೆ.) ಮಾತ್ರೆ ನುಂಗುವ ಹೊತ್ತಿಗೆ ಗಾಡಿ ನಿಲ್ಲಿಸಿದೆವು. ಖಾಲ್ತಿ ತಮ್ಮ ಪಾಲಿನ ಮೊಟ್ಟೆಗಳನ್ನು ಮುಟ್ಟಲಿಲ್ಲ, ನಮಗೆ ಸುಲಿದು ಕೊಟ್ಟರು.

ಗೇಟಿನಲ್ಲಿ ಟಿಕೆಟ್ ಕಿಟಕಿ. ಹಿಂದೆ ಸೀ ಸಾಸಿ ಎಂಬ ಕಾವಲುಗಾರ. ಎಪ್ಪತ್ತರ ಹತ್ತಿರದ ಮನುಷ್ಯ, ತಲೆಗೆ ಕೆಂಪು ಟೋಪಿ, ಕೊರಳಿಗೆ ಸೀಟಿ.

"ಮೂರು ಟಿಕೆಟ್ಟಾ?" ಎಂದ.

"ಎರಡು," ಎಂದರು ಖಾಲ್ತಿ. "ನನ್ನ ಮನೆಗೆ ಹೋಗೋಕೆ ನನಗೆ ಟಿಕೆಟ್ ಯಾಕಪ್ಪಾ?"

ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ದಿಟ್ಟಿಸಿದ. "ಯಾರ ಪೈಕಿ ನೀವು, ಹಾಜ್ಜಾ?" (ಹಿರಿಯ ಹೆಂಗಸರನ್ನು ನಮ್ಮಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ.)

"ಬೆಲ್ಗಾಸಿಮನ ಹೆಂಡತಿ. ಮೇಲಿನ ಬಾಗಿಲ ಕಡೆಯವರು."

"ಕತ್ತೆ ಬೆಲ್ಗಾಸಿಮ್?"

"ಆ ಕತ್ತೆ ನನ್ನದು. ಅವರದ್ದು ಹೆಸರು ಮಾತ್ರ."

ಸೀ ಸಾಸಿ ಬಾಗಿಲು ತೆಗೆದು ಹೊರಗೆ ಬಂದು ಖಾಲ್ತಿಯ ತಲೆಗೆ ಮುತ್ತಿಟ್ಟ. ಊರು ಬಿಡುವಾಗ ಅವನಿಗೆ ಎಂಟು ವರ್ಷವಂತೆ. ನಮ್ಮಿಬ್ಬರ ಟಿಕೆಟ್ಟನ್ನೂ ಹರಿಯದೆ ಪುಸ್ತಕವನ್ನು ಜೇಬಿಗೆ ಹಾಕಿಕೊಂಡ.

೬

ಡ್ರಾಫ್ಟ್ ಎರಡು. (ಇದನ್ನು ನಾನು ಹೋಗುವ ಹಿಂದಿನ ದಿನವೇ ಬರೆದಿದ್ದೆ. ತಪ್ಪೊಪ್ಪಿಗೆಯ ಕಥೆಯಾದ್ದರಿಂದ ಇದನ್ನೂ ಒಪ್ಪಿಕೊಳ್ಳುತ್ತೇನೆ.)

'ಮುದುಕಿಯ ನಡುಗುವ ಬೆರಳು ಕಲ್ಲಿನ ಮೇಲೆ ಸರಿದಾಡಿತು. ಅರವತ್ತು ವರ್ಷಗಳ ಮೌನ ಒಡೆದು ಹರಿಯಿತು. ಆಕೆ ಕಲ್ಲನ್ನು ಎದೆಗೆ ಅಪ್ಪಿಕೊಂಡು, ಮಗಳೇ, ಎಂದಳು.'

ಹೋಗಿ ಬಂದ ಮೇಲೆ ಇದನ್ನೂ ಫೋನಿನಲ್ಲಿ ಖಾಲ್ತಿಗೆ ಓದಿ ಹೇಳಿದೆ.

"ನಾನು ಕಲ್ಲು ಅಪ್ಪಿಕೊಂಡ್ನಾ?"

"ಇಲ್ಲ ಖಾಲ್ತಿ."

"ಮತ್ತೆ? ಆಪರೇಷನ್ ಮಾಡಿಸ್ಕೊಳ್ಳೋ ಎದೆ ಅದು. ಕಲ್ಲು ಯಾಕೆ ಹೇರ್ತೀಯ ಅದರ ಮೇಲೆ? ಹರಿದು ಹಾಕು."

ಹರಿದು ಹಾಕಿದೆ. ಮೇಲೆ ನೀವು ಓದಿದ್ದು ಹರಿದ ಕಾಗದದಿಂದ.

೭

ಒಳಗೆ ಖಾಲ್ತಿ ಕೋಲೂರಿಕೊಂಡು ಮುಂದೆ, ನಾವೂ ಸೀ ಸಾಸಿಯೂ ಹಿಂದೆ. ಅಲ್ಲೊಂದು ಇಟಾಲಿಯನ್ ಪ್ರವಾಸಿಗಳ ಗುಂಪು ಬಿಸಿಲಿಗೆ ಟೋಪಿ ಹಾಕಿಕೊಂಡು ದೇವಸ್ಥಾನದ ಫೋಟೋ ತೆಗೆಯುತ್ತಿತ್ತು. ಖಾಲ್ತಿ ದೇವಸ್ಥಾನದ ಕಡೆ ನೋಡಲೇ ಇಲ್ಲ. ಬೋರ್ಡಿನ ಮೇಲೆ 'ಸಂತೆ ಚೌಕ' ಎಂದಿದ್ದ ಕಡೆ ನಿಂತು, "ಇದು ಮಿಸ್ಬಾಹನ ಮನೆ ಅಂಗಳ," ಎಂದರು. 'ಸ್ನಾನಗೃಹ' ಎಂದಿದ್ದ ಕಡೆ, "ಇಲ್ಲಿ ನಮ್ಮ ರೊಟ್ಟಿ ಒಲೆ," ಎಂದರು. ಅಲ್ಲಿ ಒಲೆ ಇರಲಿಲ್ಲ, ಬಿಳಿ ಜಲ್ಲಿ ಹರಡಿತ್ತು. ಕೋಲಿನ ತುದಿಯಿಂದ ಜಲ್ಲಿಯನ್ನು ಸ್ವಲ್ಪ ಕೆದಕಿ ನೋಡಿದರು. ನಾನು ತಡೆಯಲು ಹೋದೆ. ಸೀ ಸಾಸಿ ನನ್ನ ತೋಳು ಹಿಡಿದು, "ಸುಮ್ಮನಿರಿ ಮೇಷ್ಟ್ರೇ, ನಾನು ಏನೂ ನೋಡ್ಲಿಲ್ಲ," ಎಂದ.

ಗೋರಿಗಳಿದ್ದ ಇಳಿಜಾರು ಈಗ ಸಮತಟ್ಟು. ಹುಲ್ಲು, ಹಳದಿ ಹೂ. ಖಾಲ್ತಿ ಅಲ್ಲಿ ನಿಂತು ಮಬ್ರೂಕಾಗಾಗಿ ಪ್ರಾರ್ಥನೆ ಮಾಡಿದರು, ಅಂಗೈಗಳಿಂದ ಮುಖ ಒರೆಸಿಕೊಂಡರು. ಒಂದು ನಿಮಿಷವಾಗಿರಬಹುದು. ನನ್ನ ಕಥೆಯ ಮುಖ್ಯ ದೃಶ್ಯ ಅಂದುಕೊಂಡಿದ್ದು ಅಷ್ಟರಲ್ಲಿ ಮುಗಿದುಹೋಯಿತು. ಗಂಟು ಬುಟ್ಟಿಯಲ್ಲೇ ಇತ್ತು.

"ಆಯ್ತು. ಕಲ್ಲುಗಳು ಎಲ್ಲಿ?" ಎಂದರು.

೮

ಕಲ್ಲುಗಳು ಟಿಕೆಟ್ ಮನೆಯ ಹಿಂದೆ, ತಗಡಿನ ಚಪ್ಪರದ ಕೆಳಗೆ, ಮೂರು ಸಾಲಾಗಿ. ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು. ಖಾಲ್ತಿ ಮೊದಲ ಸಾಲಿನಿಂದ ಶುರು ಮಾಡಿದರು. ಪ್ರತಿ ಕಲ್ಲಿನ ಮುಂದೆಯೂ ಬಾಗಿ, ಮೇಲಿನ ಬಲಮೂಲೆಯನ್ನು ಅಂಗೈಯಿಂದ ಸವರಿ, ಮುಂದಕ್ಕೆ. ಏದುಸಿರು ಬರುತ್ತಿತ್ತು. ಲಝ್ಹರ್ ಸ್ಟೂಲು ತಂದ, ಕೂರಲಿಲ್ಲ.

"ಯಮ್ಮಾ, ಯಾವ ಥರ ಇತ್ತು ಹೇಳು, ನಾವು ಹುಡುಕ್ತೀವಿ."

"ಒಂದು ಹುಡುಗಿ. ಕೈಯಲ್ಲಿ ಹಕ್ಕಿ. ಮೂಲೆ ಮುರಿದಿದೆ."

ಇಲ್ಲಿ ಒಂದು ಮಾತು. ಲಝ್ಹರನೂ ನಾನೂ ದಾರಿಯಲ್ಲಿ ಪಿಸುಗುಟ್ಟಿಕೊಂಡಿದ್ದೆವು: ಸಿಗದಿದ್ದರೆ ಯಾವುದಾದರೂ ಒಂದು ಕಲ್ಲು ತೋರಿಸಿ ಇದೇ ಎಂದುಬಿಡೋಣ, ಮುದುಕಿಯ ಸಮಾಧಾನ ಮುಖ್ಯ. ನಾನು ಒಪ್ಪಿದ್ದೆ. ಇಷ್ಟು ವರ್ಷ ಕಥೆ ಬರೆದವನಿಗೆ ಅದು ತಪ್ಪೆಂದು ಅನ್ನಿಸಿರಲೂ ಇಲ್ಲ.

ಮೂರನೆಯ ಸಾಲಿನಲ್ಲಿ, ನಲವತ್ತೇಳನೆಯ ನಂಬರಿನ ಮುಂದೆ ಖಾಲ್ತಿ ನಿಂತರು. ಮೊಣಕಾಲೆತ್ತರದ ಬೂದು ಕಲ್ಲು. ದುಂಡು ಮುಖದ ಪುಟ್ಟ ಹುಡುಗಿ, ಮೂಗು ಸವೆದಿದೆ, ಎರಡೂ ಕೈಯಲ್ಲಿ ಒಂದು ಹಕ್ಕಿಯನ್ನು ಹಿಡಿದಿದ್ದಾಳೆ. ಮೇಲಿನ ಬಲಮೂಲೆ ಇಲ್ಲ.

ಖಾಲ್ತಿ ನೆಲದ ಮೇಲೆ ಕೂತರು. ಗಂಟು ಬಿಚ್ಚಿ, ಹುರಿಗಡಲೆ ಪೆಪ್ಪರಮಿಂಟನ್ನು ಕಲ್ಲಿನ ಬುಡದಲ್ಲಿ ಇಟ್ಟರು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಪಕ್ಕದ ಮನೆಯವಳ ಎದುರು ಹೇಗೆ ಕೂತಿರಬೇಕೋ ಹಾಗೆ.

"ಮಗಳೇ," ಎಂದರು. "ನಾನು ಮನ್ನೂಬಿಯಾ. ನಿನ್ನ ಕಲ್ಲು ಕದ್ದವಳು. ನನ್ನನ್ನ ಮಾಫ್ ಮಾಡು."

೮ (ಮತ್ತೊಮ್ಮೆ, ಈ ಸಲ ಸರಿಯಾಗಿ)

ನಾನು ಅಲ್ಲಿಯವರೆಗೆ ಬರೆದಿದ್ದು ಬೇರೆ ಕಥೆ. ತಪ್ಪು ಮಗುವಿನ ಕಥೆ.

ಖಾಲ್ತಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೊಡುತ್ತೇನೆ.

"ಮಬ್ರೂಕಾ ಹೋದ ಮಾರನೇ ದಿನ ನಿಮ್ಮಪ್ಪ ಕಲ್ಲು ಹುಡುಕ್ಕೊಂಡು ಹೋದ್ರು ಕಣೋ ಲಝ್ಹರ್. ನಾನೂ ಹಿಂದೆ ಹೋದೆ. ಬಾಣಂತಿ, ಮನೇಲಿ ಕೂರೋಕೆ ಆಗ್ಲಿಲ್ಲ. ಗುಡ್ಡದ ಕೆಳಗೆ ಇವಳು ನಿಂತಿದ್ಲು. ಅರ್ಧ ಮಣ್ಣಲ್ಲಿ. ಹಾರೆ ಹಾಕಿ ಮೀಟಿದ್ರು, ಮೂಲೆ ಪಟ್ ಅಂತ ಮುರೀತು. ಕಲ್ಲು ಎದ್ದಾಗ ಕೆಳಗೆ ಒಂದು ಕುಡಿಕೆ. ಅದರ ಪಕ್ಕ ಮೂಳೆ. ಇಷ್ಟಿಷ್ಟು ಸಣ್ಣವು. ನಿಮ್ಮಪ್ಪ ನನ್ನ ಮುಖ ನೋಡಿದ್ರು. ವಾಪಸ್ ಇಟ್ಬಿಡ್ಲಾ ಅಂತ ಕೇಳಿದ್ರು. ನಾನು ಹೂಂ ಅಂದಿದ್ರೆ ಇಟ್ಬಿಡ್ತಿದ್ರು. ನಾನು ಮಾತಾಡ್ಲಿಲ್ಲ. ಕಲ್ಲು ಚೆನ್ನಾಗಿತ್ತು. ಹಕ್ಕಿ ಚೆನ್ನಾಗಿತ್ತು. ನನ್ನ ಮಗಳಿಗೆ ಇರಲಿ ಅನ್ನಿಸ್ತು."

"ಯಮ್ಮಾ, ಆಗ ಎಲ್ಲರೂ ಹಾಗೇ ತಾನೇ ಮಾಡ್ತಿದ್ದಿದ್ದು? ಇಡೀ ಊರು ಅವರ ಕಲ್ಲಲ್ಲೇ ಕಟ್ಟಿದ್ದು."

"ಗೋಡೆಗೆ ತಗೊಂಡಿದ್ದು ಬೇರೆ. ಇದು ಒಂದು ಮಗುವಿನ ತಲೆದೆಸೆಯಿಂದ ತಗೊಂಡಿದ್ದು. ನನಗೆ ಗೊತ್ತಿತ್ತು ಅದು ಮಗು ಅಂತ. ನನ್ನ ಎದೇಲಿ ಇನ್ನೂ ಹಾಲಿತ್ತು."

"ಮತ್ತೆ ಮಬ್ರೂಕಾ?" ಎಂದು ಕೇಳಿದವನು ನಾನು. ಕಥೆಗಾರನ ದುರಾಸೆ.

"ಅವಳು ನನ್ನವಳು. ನನ್ನ ಮೇಲೆ ಅವಳಿಗೆ ಕೋಪ ಇರಲ್ಲ. ಇವಳು ಬೇರೆಯವರ ಮಗಳು."

೯

ಖಾಲ್ತಿ ಕೂತೇ ಇದ್ದರು. ಕ್ರಮ ನಿಮಗೆ ನೆನಪಿದೆಯಲ್ಲ: ಮಾತು ಬರುವವರೆಗೆ ಏಳುವಂತಿಲ್ಲ.

ಅರ್ಧ ಗಂಟೆಯಾಯಿತು. ಲಝ್ಹರ್ ನನ್ನನ್ನು ಪಕ್ಕಕ್ಕೆ ಎಳೆದ. "ಸತ್ತವರಾದ್ರೆ ವಾರಸುದಾರರನ್ನ ಕೇಳಬೇಕು ಅಂತ ಅವಳೇ ಹೇಳ್ತಾಳಲ್ಲ. ಯಾರು ಇವಳ ವಾರಸುದಾರರು? ಅಲ್ಲಿ ಇಟಲಿಯವರ ಬಸ್ ನಿಂತಿದೆ. ಒಬ್ಬನ್ನ ಕರ್ಕೊಂಡು ಬರ್ಲಾ?"

ಅವನು ತಮಾಷೆ ಮಾಡುತ್ತಿರಲಿಲ್ಲ.

"ಅವರು ನೆನ್ನೆ ಬಂದವರು, ನಾಳೆ ಹೋಗೋರು," ಎಂದ ಸೀ ಸಾಸಿ. "ಮೂವತ್ತೊಂದು ವರ್ಷದಿಂದ ಇವಳನ್ನ ಕಾಯ್ತಿರೋನು ನಾನು. ಮಳೆ ಬಂದಾಗ ಪ್ಲಾಸ್ಟಿಕ್ ಹೊದಿಸ್ತೀನಿ. ನಾನು ಹೇಳ್ತೀನಿ ಹಾಜ್ಜಾ, ಅವಳ ಪರವಾಗಿ ಮಾಫ್..."

ಖಾಲ್ತಿ ಕೈ ಎತ್ತಿ ತಡೆದರು. "ನಿನ್ನ ಬಾಯಿಗೆ ಸಕ್ಕರೆ ಹಾಕ. ಆದ್ರೆ ನೀನು ಕಾವಲುಗಾರ, ವಾರಸುದಾರ ಅಲ್ಲ."

ಆಗ ನಾನು ಮೇಷ್ಟರ ದನಿಯಲ್ಲಿ ಬಾಯಿ ಹಾಕಿದೆ. ರೋಮನ್ನರು ಎಂದು ನಾವು ಕರೆಯುವ ಈ ಜನರಲ್ಲಿ ಹೆಚ್ಚಿನವರು ಇದೇ ನೆಲದವರು, ಎಲ್ಲಿಗೂ ಹೋಗಲಿಲ್ಲ, ಭಾಷೆ ಬದಲಾಯಿತು, ದೇವರು ಬದಲಾದ, ಮಕ್ಕಳ ಮಕ್ಕಳು ಇಲ್ಲೇ ಉಳಿದರು. "ಹಾಗೆ ನೋಡಿದ್ರೆ ಈ ಹುಡುಗಿಯ ವಾರಸುದಾರರು ನಿಮ್ಮ ಊರಿನವರೇ ಖಾಲ್ತಿ. ಅಂದ್ರೆ ನೀವೇ."

ಅವರು ನನ್ನ ಕಡೆ ತಿರುಗಿದರು.

"ಅಂದ್ರೆ ನನ್ನನ್ನ ನಾನೇ ಮಾಫ್ ಮಾಡಿಕೊಳ್ಳೋದಾ? ಒಳ್ಳೇ ಅನುಕೂಲ ಆಯ್ತಲ್ಲ ನನಗೆ!"

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

೧೦

"ಬರಹ ಓದು," ಎಂದರು. "ಅದಕ್ಕೇ ಕರ್ಕೊಂಡು ಬಂದಿದ್ದು ನಿನ್ನ. ಹೆಸರು ಹೇಳು. 'ಏ ಹುಡುಗೀ' ಅಂತ ಕರೆದ್ರೆ ಯಾರು ಉತ್ತರ ಕೊಡ್ತಾರೆ?"

ನಾನು ಕನ್ನಡಕ ಹಾಕಿಕೊಂಡು ಮಂಡಿಯೂರಿದೆ. ಬೆರಳಿನಿಂದ ಅಕ್ಷರಗಳ ಧೂಳು ತೆಗೆದೆ. "ಆರು ವರ್ಷ, ಮೂರು ತಿಂಗಳು, ಒಂಬತ್ತು ದಿನ ಬದುಕಿದ್ದಳು," ಎಂದು ಓದಿದೆ. "ಇಲ್ಲಿ ಮಲಗಿದ್ದಾಳೆ."

"ಎಲ್ಲಿ?" ಎಂದರು ಖಾಲ್ತಿ.

ನಾನು ಮತ್ತೆ ಅಕ್ಷರಗಳ ಕಡೆ ಬಾಗಿದೆ.

"ದಿನಾನೂ ಎಣಿಸಿದ್ದಾರೆ," ಎಂದರು ತಮಗೆ ತಾವೇ. "ಒಂಬತ್ತು ದಿನ. ಅವರಮ್ಮ ಎಣಿಸಿರಬೇಕು. ಹೆಸರು?"

ಹೆಸರು ಮೇಲಿನ ಸಾಲಿನಲ್ಲಿ, ಬಲಗಡೆ ಇರಬೇಕಿತ್ತು. ಅಲ್ಲಿ ಕಲ್ಲಿರಲಿಲ್ಲ.

ಓದುಗರೇ, ಈ ಹೊತ್ತಿಗೆ ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಹೆಸರುಗಳಿದ್ದವು. ಒಂದಕ್ಕಿಂತ ಒಂದು ಚೆಂದ. ಲಝ್ಹರ್ ಖಾಲ್ತಿಯ ಬೆನ್ನ ಹಿಂದೆ ನಿಂತು, ಹೇಳು, ಯಾವುದಾದರೂ ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಒಂದು ಹೆಸರು ಹೇಳಿದ್ದರೆ ಮುದುಕಿಯ ಮುಖ ಅರಳುತ್ತಿತ್ತು, ಕಥೆಗೂ ಒಂದು ತಿರುವು ಸಿಗುತ್ತಿತ್ತು. ಆದರೆ ಒಬ್ಬರ ಮಗಳ ಕಲ್ಲನ್ನು ಕಿತ್ತು ಇನ್ನೊಬ್ಬರ ಮಗಳಿಗೆ ಇಟ್ಟದ್ದಕ್ಕೆ ಮಾಫಿ ಕೇಳುತ್ತಿರುವವರ ಎದುರು, ಇನ್ಯಾರದೋ ಹೆಸರು ತಂದು ಇವಳಿಗೆ ಇಡುವುದು ಹೇಗೆ? ನನಗೆ ಬಾಯಿ ಬರಲಿಲ್ಲ.

"ಹೆಸರಿಲ್ಲ ಖಾಲ್ತಿ. ಮುರಿದುಹೋದ ಮೂಲೆಯಲ್ಲಿತ್ತು."

ಖಾಲ್ತಿಯ ಕೈ ಮುರಿದ ಅಂಚಿನ ಮೇಲೇ ಇತ್ತು. "ಆ ಚೂರನ್ನ ನಾನು ಮನೆಗೆ ತಂದಿದ್ದೆ," ಎಂದರು ನಿಧಾನವಾಗಿ. "ರೊಟ್ಟಿ ಒಲೆಯ ಗಾಳಿಕಂಡಿಗೆ ಅಡ್ಡ ಇಡೋಕೆ ಸರಿಯಾಗಿತ್ತು. ಒಂದು ವರ್ಷ ಅದರಲ್ಲಿ ರೊಟ್ಟಿ ಸುಟ್ಟೆ. ಮೇಲೆ ಏನೋ ಗೀಟು ಇತ್ತು. ಮಸಿ ಹಿಡೀತು. ಅದು ಅವಳ ಹೆಸರಾ?"

ಆಗ ಅತ್ತರು. ಜೋರಾಗಿ ಅಲ್ಲ. ಇದನ್ನು ನಾನು ಸೇರಿಸಿದ್ದಲ್ಲ, ಅವರೇ ಒಪ್ಪಿಕೊಂಡಿದ್ದಾರೆ: "ಹೂಂ, ಅಲ್ಲಿ ಅತ್ತೆ. ಅದನ್ನ ಬರ್ಕೋ."

೧೧

ಕೊನೆಗಳು.

ಮೊದಲನೆಯ ಕೊನೆ: ಗಾಳಿ ಬೀಸುತ್ತದೆ, ಚಪ್ಪರದ ತಗಡು ಕಿರುಗುಟ್ಟುತ್ತದೆ, ಖಾಲ್ತಿ ಅದನ್ನೇ ಉತ್ತರವೆಂದು ತಿಳಿಯುತ್ತಾರೆ. (ಆ ದಿನ ಗಾಳಿ ಇರಲಿಲ್ಲ. ಖಾಲ್ತಿ ತಗಡಿಗೂ ಮನುಷ್ಯರಿಗೂ ವ್ಯತ್ಯಾಸ ತಿಳಿಯದವರಲ್ಲ.)

ಎರಡನೆಯದು: ಪ್ರವಾಸಿ ಗುಂಪಿನಿಂದ ಆರು ವರ್ಷದ ಇಟಾಲಿಯನ್ ಹುಡುಗಿಯೊಬ್ಬಳು ಓಡಿಬಂದು ಒಂದು ಪೆಪ್ಪರಮಿಂಟು ಎತ್ತಿ ಬಾಯಿಗೆ ಹಾಕಿಕೊಂಡು ನಗುತ್ತಾಳೆ. (ಇದು ಬಹಳ ಚೆನ್ನಾಗಿದೆ. ಅದಕ್ಕೇ ಹೊಡೆದು ಹಾಕಿದೆ. ಆ ಗುಂಪಿನಲ್ಲಿದ್ದವರೆಲ್ಲ ಅರವತ್ತು ದಾಟಿದವರು.)

ಮೂರನೆಯದು ನಾನು ಕಟ್ಟಿದ್ದಲ್ಲ, ನಡೆದದ್ದು. ಲಝ್ಹರ್, ಬಾಯಿ ಸುಮ್ಮನಿರದ ಲಝ್ಹರ್, ತಾಯಿಯ ಪಕ್ಕ ನೆಲದ ಮೇಲೆ ಕೂತ.

"ಯಮ್ಮಾ. ಇವಳ ಕಲ್ಲು ಮಬ್ರೂಕಾ ತಲೆದೆಸೆಯಲ್ಲಿ ಒಂದು ವರ್ಷ ಇತ್ತಲ್ಲ. ಇವಳು ಕಲ್ಲು ಹುಡುಕ್ಕೊಂಡು ಬಂದಿರ್ತಾಳೆ. ಬಂದು ನೋಡಿದ್ರೆ ಅಲ್ಲಿ ನಲವತ್ತು ದಿನದ ಕೂಸು. ಕಿತ್ತುಕೊಂಡು ಹೋಗ್ತಿದ್ಲಾ? ಎತ್ತಿಕೊಂಡಿರ್ತಾಳೆ."

ಖಾಲ್ತಿ ಹುಡುಗಿಯ ಕೈಗಳನ್ನು ನೋಡಿದರು, ಹಕ್ಕಿಯನ್ನು ಹಿಡಿದಿದ್ದ ಕೈಗಳನ್ನು.

"ಆರು ವರ್ಷದವಳಿಗೆ ಕೂಸು ಎತ್ತಿಕೊಳ್ಳೋಕೆ ಬರುತ್ತಾ? ಕತ್ತು ನಿಂತಿರಲಿಲ್ಲ ಮಬ್ರೂಕಾಗೆ."

"ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತೆ," ಎಂದ ಸೀ ಸಾಸಿ. "ನನ್ನನ್ನ ಎತ್ತಿ ಆಡಿಸಿದವಳು ನಮ್ಮಕ್ಕ. ಅವಳಿಗೂ ಆರೇ ವರ್ಷ."

"ಹೂಂ," ಎಂದರು ಖಾಲ್ತಿ. "ಇವಳು ಹಕ್ಕೀನ ಸರಿಯಾಗಿ ಹಿಡ್ಕೊಂಡಿದ್ದಾಳೆ. ಅಮುಕಿಲ್ಲ."

ಕಥೆಯನ್ನು ಇಲ್ಲಿಗೆ ಮುಗಿಸಬಹುದಿತ್ತು. ನಾನು ಹಾಗೆ ಮುಗಿಸಿ, ಒಂದು ಲೋಟ ಚಹಾ ಮಾಡಿಕೊಂಡು, ನೆಮ್ಮದಿಯಿಂದ ಖಾಲ್ತಿಗೆ ಫೋನು ಮಾಡಿ ಓದಿದೆ.

೧೨

"ಲಝ್ಹರ್ ಹೇಳಿದ್ದು ಚೆನ್ನಾಗಿದೆ," ಎಂದರು. "ಅವನಿಗೆ ಅಂಥ ಮಾತು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಆದ್ರೆ ಅವಳು ಹೇಳ್ಲಿಲ್ಲವಲ್ಲ."

"ಯಾರು?"

"ಅವಳು. ಮಾಫ್ ಮಾಡಿದೆ ಅಂತ ಅವಳು ಹೇಳ್ಲಿಲ್ಲ."

"ಖಾಲ್ತಿ, ನಾನು ಬರೆದ್ರೆ..."

"ಬರೀಬೇಡ. ನೀನು ಎಲ್ಲರ ಬಾಯಲ್ಲೂ ಮಾತು ಹಾಕ್ತೀಯ. ನನ್ನ ಬಾಯಲ್ಲಿ ಹಾಕು, ಬೇಜಾರಿಲ್ಲ. ಇವಳ ಬಾಯಲ್ಲಿ ಬೇಡ. ಹೆಸರೂ ಇಡಬೇಡ. ಅವಳ ಹತ್ರ ನಾವು ತಗೊಂಡಿದ್ದು ಸಾಕು."

ಇದು ಬುಧವಾರ ಸಂಜೆಯ ಮಾತು. ತೂನಿಸ್‌ನ ಆಸ್ಪತ್ರೆಯಿಂದ, ಲಝ್ಹರನ ಮೊಬೈಲಿನಲ್ಲಿ. ಹಿಂದುಗಡೆ ಯಾರೋ ನರ್ಸ್ ಬಳೆ ಬಿಚ್ಚಿ ಕೊಡಿ ಹಾಜ್ಜಾ ಎನ್ನುತ್ತಿದ್ದಳು.

"ಹಾಗಾದ್ರೆ ಹೇಗೆ ಮುಗಿಸಲಿ?"

"ಮುಗಿಸಬೇಡ. ನಿಮಗೆಲ್ಲ ಏನು ಅವಸರ? ಆ ದಿನವೂ ಅಷ್ಟೇ. ಐದು ಗಂಟೆಗೆ ಅವನು ಸೀಟಿ ಊದಿದ, ನೀವಿಬ್ಬರೂ ನನ್ನ ಕಂಕುಳಿಗೆ ಕೈಹಾಕಿ ಎಬ್ಬಿಸಿಬಿಟ್ರಿ. ನಾನು ಇನ್ನೂ ಕೂತಿರ್ತಿದ್ದೆ."

ಅದು ನಿಜ. ನಾವು ಎಬ್ಬಿಸಿದೆವು. ಮೇಲೆ ನಾನು ಅದನ್ನು ಬರೆದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು.

"ಕಥೇನಲ್ಲಾದ್ರೂ ಎಬ್ಬಿಸಬೇಡ ತುಹಾಮಿ. ಅಲ್ಲೇ ಕೂತಿರ್ತೀನಿ ಬಿಡು."

ಗುರುವಾರ ಬಂತು, ಹೋಯಿತು. ಅಂದು ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಬಳೆಗಳು ಯಾರ ಕೈಗೆ ಮರಳಿದವು ಎಂದೂ ಕೇಳಬೇಡಿ. ಈ ಕಾಗದದ ಮೇಲೆ ನನಗೆ ಒಪ್ಪಿಸಿದ ಕೆಲಸ ಒಂದೇ.

ಮೂರನೆಯ ಸಾಲು, ನಲವತ್ತೇಳನೆಯ ನಂಬರು. ಇಟಾಲಿಯನ್ನರ ಬಸ್ಸು ಹೋಗಿದೆ. ಸೀ ಸಾಸಿಯ ಸೀಟಿ ಅವನ ಜೇಬಿನಲ್ಲಿದೆ. ಒಂದು ಇರುವೆ ಹುರಿಗಡಲೆಯ ಸಿಪ್ಪೆಯನ್ನು ಎಳೆದುಕೊಂಡು ಹೊರಟಿದೆ. ಖಾಲ್ತಿ ಕಲ್ಲಿನ ಎದುರು ಕೂತಿದ್ದಾರೆ, ತಲೆಯ ಮೇಲಿನ ಬಟ್ಟೆ ನೇರವಾಗಿದೆ, ಕೇಳಬೇಕಾದ್ದನ್ನು ಕೇಳಿಯಾಗಿದೆ.

ನಿಮಗೆ ಅವರ ಮೇಲೆ ಮರುಕ ಬಂದಿರಬಹುದು. ಆ ಎರಡು ಮಾತನ್ನು ನೀವೇ ಹೇಳಿಬಿಡೋಣ ಎಂದು ಅನ್ನಿಸುತ್ತಿರಬಹುದು. ನನಗೂ ಅನ್ನಿಸುತ್ತದೆ, ದಿನಕ್ಕೊಂದು ಸಲ. ದಯವಿಟ್ಟು ಹೇಳಬೇಡಿ. ಅವರು ನಿಮ್ಮನ್ನು ಕೇಳಿಲ್ಲ.